ಒಂದು ನಿಮಿಷದ ದನಿ

ಒಂದು ನಿಮಿಷ ಸಾಕು ಅಂದಿದ್ದ ಆರ್ಕೆಸ್ಟ್ರಾದ ಪೀರಾ ಸಾಬ್. ಶಂಭುಲಿಂಗಪ್ಪನ ಸ್ವಂತ ದನಿ ಒಂದೇ ಒಂದು ನಿಮಿಷ, ಹಿಂದೆ ಬ್ಯಾಂಡು ಬಾಜಾ ಇಲ್ಲದೆ ಸ್ವಚ್ಛವಾಗಿ ಸಿಕ್ಕರೆ ಸಾಕು, ಲ್ಯಾಪ್‌ಟಾಪು ಅದನ್ನು ಕಲಿತುಕೊಳ್ಳುತ್ತದೆ. ಆಮೇಲೆ ಅವನು ಮೊಬೈಲಿನಲ್ಲಿ ಏನು ಬರೆದರೂ ಅದೇ ದನಿಯಲ್ಲಿ ಆಡಿ ತೋರಿಸುತ್ತದೆ, ಜೀವ ಇರುವ ತನಕ. ಇಷ್ಟೇ ತಾನೇ ಅನ್ನಿಸಿತು ಶೈಲಶ್ರೀಗೆ. ಅವಳ ಗಂಡನೇನು ಮೂಲೆಯಲ್ಲಿ ಕೂತ ಮನುಷ್ಯನೇ? ಮೈಕಿನ ಮುಂದೆಯೇ ಬಾಳು ಕಳೆದವನು. ಅಂಥವನ ಒಂದು ನಿಮಿಷದ ದನಿ ಎಲ್ಲಿ ಹುಡುಕಿದರೂ ಸಿಕ್ಕೀತು ಅಂದುಕೊಂಡಳು.

ರಾಯಚೂರು ಸೀಮೆಯಲ್ಲಿ ಮಿಮಿಕ್ರಿ ಶಂಭು ಅಂದರೆ ಗೊತ್ತಿಲ್ಲದವರು ಕಡಿಮೆ. ಆರತಕ್ಷತೆ, ಗಣಪತಿ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ, ಎಲ್ಲಿ ಪೀರಾ ಸಾಬನ ಆರ್ಕೆಸ್ಟ್ರಾವೋ ಅಲ್ಲಿ ಶಂಭು. ಕಪ್ಪು ಕನ್ನಡಕದ ನಾಯಕನಟನಾಗಿ ಬಂದು, ಗಡಸು ದನಿಯ ಖಳನಾಗಿ ನಕ್ಕು, ಮಠದ ಸ್ವಾಮಿಗಳಾಗಿ ಆಶೀರ್ವಾದ ಮಾಡಿ, ಕೊನೆಗೆ ಸತ್ತು ಎಷ್ಟೋ ವರ್ಷವಾದ ಹಾಸ್ಯನಟನನ್ನೂ ಎಬ್ಬಿಸಿ ತರುತ್ತಿದ್ದ. ನಾಟಕ ಕಂಪನಿಗಳ ಕಾಲದಿಂದ ನಮ್ಮ ಜನಕ್ಕೊಂದು ಚಟ. ರುಚಿಸಿದ್ದನ್ನು ಒಮ್ಮೆ ಕೇಳಿ ಸುಮ್ಮನಾಗುವವರಲ್ಲ, ಒಂದು ಬೆರಳೆತ್ತಿ ‘ಒನ್ಸ್ ಮೋರ್’ ಅನ್ನುತ್ತಾರೆ. ಆ ಬೆರಳು ಕಂಡರೆ ಶಂಭುಗೆ ಹೊಟ್ಟೆ ತುಂಬುತ್ತಿತ್ತು. ಅನ್ನ ಬಿಟ್ಟಾನು, ಒನ್ಸ್ ಮೋರ್ ಬಿಡಲಾರ.

ಅವನ ಸ್ವಂತ ದನಿ ಬೇರೆಯೇ ಇತ್ತು. ಸ್ವಲ್ಪ ಮೂಗಿನಿಂದ ಬರುವ, ಮಾತಿನ ಕೊನೆಯನ್ನು ನುಂಗಿಬಿಡುವ, ಯಾರೂ ದುಡ್ಡು ಕೊಟ್ಟು ಕೇಳದ ದನಿ. ಹೆಂಡತಿಯನ್ನು ಕರೆಯುವಾಗ ಹೆಸರಿಗೆ ಮುಂಚೆ ಒಂಚೂರು ತಡೆಯುತ್ತಿದ್ದ, ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟು ಹೊತ್ತು. ಆಮೇಲೆ ‘ಶೈಲಾ’ ಅನ್ನುತ್ತಿದ್ದ. ಮಕ್ಕಳಿಲ್ಲದ ಮನೆ. ಆ ದನಿಯನ್ನು ಕೇಳಿದವಳು ಇವಳೊಬ್ಬಳೇ ಅಂದರೂ ನಡೆದೀತು.

ಆ ದನಿ ಒಡೆಯತೊಡಗಿ ಎರಡು ವರ್ಷವಾಗಿತ್ತು. ಪ್ರೋಗ್ರಾಂ ಜಾಸ್ತಿ, ಗಂಟಲು ಬಿದ್ದದ ಅಂದ. ಜ್ಯೇಷ್ಠಮಧು ಜಗಿದ, ಕಲ್ಲುಸಕ್ಕರೆ ಚೀಪಿದ, ಅರಿಶಿನದ ಹಾಲು ಕುಡಿದ. ದವಾಖಾನೆಗೆ ನಡೀರಿ ಅಂದರೆ ಹೂಂ ಹೂಂ ಅನ್ನುತ್ತ ಜಾರಿಕೊಂಡ. ಒಮ್ಮೆ ಶೈಲಶ್ರೀ ಅನುಮಾನ ತಾಳಲಾರದೆ ಪೋತ್ನಾಳದ ಒಂದು ಮದುವೆಗೆ ಬೆನ್ನು ಹತ್ತಿ ಹೋಗಿದ್ದಳು. ಬೆಳಿಗ್ಗೆ ಚಹಾ ಕೇಳುವುದಕ್ಕೂ ಕಷ್ಟಪಟ್ಟವನು ಸಂಜೆ ವೇದಿಕೆಯ ಮೇಲೆ ನಾಯಕನಟನಾಗಿ ಗಂಟೆ ಬಾರಿಸಿದಂತೆ ಮಾತಾಡಿದ. ಅದನ್ನು ಕಿವಿಯಾರೆ ಕೇಳಿ, ಗಂಟಲು ಗಟ್ಟಿ ಇದೆ ಬಿಡು ಎಂದು ನೆಮ್ಮದಿಯಿಂದ ಮನೆಗೆ ಬಂದಳು.

ಆ ನೆಮ್ಮದಿ ಎಂಥದೆಂದು ಗೊತ್ತಾಗಿದ್ದು ಈ ಗುರುವಾರ. ಗಂಟಲಲ್ಲಿ ಗಡ್ಡೆ ಬೆಳೆದು ಬಹಳ ದಿನವಾಗಿದೆ, ಜೀವ ಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಸೋಮವಾರ ಆಪರೇಷನ್ ಅಂದರು ರಾಯಚೂರಿನ ಡಾಕ್ಟರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ದವಾಖಾನೆಯ ಬಾಗಿಲಲ್ಲೇ ಪೀರಾ ಸಾಬ್ ತಲೆ ತಗ್ಗಿಸಿ ನಿಜ ಹೇಳಿದ. ಎರಡು ವರ್ಷದಿಂದ ಸ್ಪೀಕರಿನಲ್ಲಿ ಬರುತ್ತಿದ್ದದ್ದು ಶಂಭುನ ಗಂಟಲಲ್ಲ. ವೇದಿಕೆಯ ಹಿಂದೆ ಪರದೆಯ ಮರೆಯಲ್ಲಿ ಲ್ಯಾಪ್‌ಟಾಪು ಕೂತಿರುತ್ತಿತ್ತು. ಶಂಭು ಮೈಕಿನಲ್ಲಿ ಪಿಸುಗುಟ್ಟಿದರೂ ಎಐ ಅದನ್ನು ಆಗಿಂದಾಗಲೇ ಬದಲಿಸಿ ನಾಯಕನ ದನಿ, ಖಳನ ದನಿ ಮಾಡಿ ಹೊರಗೆ ಬಿಡುತ್ತಿತ್ತು. ಜನ ಎಂದಿನಂತೆ ಬೆರಳೆತ್ತುತ್ತಿದ್ದರು. ಶಂಭು ಎಂದಿನಂತೆ ಕೈ ಮುಗಿಯುತ್ತಿದ್ದ. ಮನೆಯಲ್ಲಿ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ.

ಶೈಲಶ್ರೀ ಪೀರಾ ಸಾಬನನ್ನು ಬೈದ ಬೈಗುಳ ದವಾಖಾನೆಯ ಕಾಂಪೌಂಡಿನಾಚೆಗೂ ಕೇಳಿಸಿರಬೇಕು. ಅವನು ಒಂದಕ್ಕೂ ಎದುರಾಡಲಿಲ್ಲ. ಬೈದು ದಣಿದ ಮೇಲೆ ಅವನೇ ಈ ಉಪಾಯ ಹೇಳಿದ.

“ತಪ್ಪಾಗೇದ ಅಕ್ಕಾರ. ಖರೇ ಹೇಳ್ತೀನಿ, ಮಂದಿ ದನಿ ಮಾಡಿದ ಮಷೀನಿಗೆ ಶಂಭಣ್ಣನ ದನಿ ಮಾಡೋದು ಕಷ್ಟ ಅಲ್ಲ. ಖರಾಬ್ ಆಗೋಕಿಂತ ಮದ್ಲಿಂದು ಒಂದ್ ನಿಮಿಷ ಹುಡುಕಿ ಕೊಡ್ರಿ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಉರಿದ ಒಲೆಯನ್ನು ಆರಿಸುವುದುಂಟೇ? ಶೈಲಶ್ರೀ ಅವತ್ತೇ ಹುಡುಕಲು ಕೂತಳು. ಮನೆಯಲ್ಲಿದ್ದ ಮೊಬೈಲು, ಪೆನ್‌ಡ್ರೈವು, ಪೀರಾ ಸಾಬನ ಸೌಂಡ್ ಸಿಸ್ಟಂ ಅಂಗಡಿಯಲ್ಲಿದ್ದ ಅಷ್ಟೂ ಪ್ರೋಗ್ರಾಮುಗಳ ರೆಕಾರ್ಡಿಂಗು ಕೇಳಿದಳು. ಎಲ್ಲದರಲ್ಲೂ ಶಂಭು ಇದ್ದ, ಯಾವುದರಲ್ಲೂ ಅವನ ದನಿ ಇರಲಿಲ್ಲ. ವೇದಿಕೆ ಹತ್ತುವಾಗಲೇ ನಾಯಕನಟನಾಗಿ ಹತ್ತುತ್ತಿದ್ದ, ಇಳಿಯುವಾಗ ಸ್ವಾಮಿಗಳಾಗಿ ಇಳಿಯುತ್ತಿದ್ದ. ಮನೆಯಲ್ಲಿ ಅವಳೇ ತೆಗೆದ ಒಂದು ವಿಡಿಯೊ ಸಿಕ್ಕಿತು. ಯುಗಾದಿಗೆ ಬೇವು ಬೆಲ್ಲ ಹಂಚುತ್ತಿದ್ದ ಶಂಭು ಮೊಬೈಲು ಕಂಡೊಡನೆ ಅಂಗಿಯ ಕಾಲರ್ ಎತ್ತಿ ಖಳನ ನಗೆ ನಕ್ಕಿದ್ದ. ಆಗ ಅವಳೂ ನಕ್ಕಿದ್ದಳು, ವಿಡಿಯೊದಲ್ಲಿ ಅವಳ ನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಊರ ದೊಡ್ಡವರ ದನಿಗೆಲ್ಲ ದೀಪ ಹಿಡಿದವನ ಬುಡದಲ್ಲಿ ಇಂಥ ಕತ್ತಲೆ.

ಶನಿವಾರ ಬೆಳಿಗ್ಗೆ ಗಂಡನಿಗೆ ಗಂಜಿ ಕುಡಿಸಿ, ನೋಡಿಕೊಳ್ಳಲು ಪಕ್ಕದ ಮನೆಯ ಗುಲ್ಶನ್ ಬೇಗಂಗೆ ಹೇಳಿ, ಮಾನ್ವಿಯ ಬಸ್ಸು ಹತ್ತಿದಳು. ಮಾನ್ವಿಯಲ್ಲಿ ಶಂಭುನ ಅಕ್ಕ ಅಂಬಮ್ಮ ಇದ್ದಳು. ಅಕ್ಕನಿಗೆ ಅವನು ವಾರಕ್ಕೊಮ್ಮೆಯಾದರೂ ವಾಟ್ಸಾಪಿನಲ್ಲಿ ಮಾತು ಕಳಿಸುತ್ತಿದ್ದ. ರಕ್ತ ಹಂಚಿಕೊಂಡವಳ ಹತ್ತಿರವಾದರೂ ಅವನಾಗಿಯೇ ಮಾತಾಡಿರುತ್ತಾನೆ ಎಂಬುದು ಶೈಲಶ್ರೀಯ ಲೆಕ್ಕ.

ಅಂಬಮ್ಮ ಒಂದನ್ನೂ ಅಳಿಸಿರಲಿಲ್ಲ. ಅಕ್ಕಿ ಹಸನು ಮಾಡುವುದನ್ನು ಬಿಟ್ಟು ಬಂದು, ಕೈ ಒರೆಸಿಕೊಂಡು, ಹಳೆಯದರಿಂದ ಒಂದೊಂದಾಗಿ ಹಾಕತೊಡಗಿದಳು. ರೊಟ್ಟಿ ಕಟ್ಟಿ ಇಡು ಎಂದು ಖಳ ಗದರಿಸಿದ. ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೋ ಎಂದು ಸ್ವಾಮಿಗಳು ಅಪ್ಪಣೆ ಕೊಟ್ಟರು. ಅಳಿಯನ ಕೆಲಸ ಕಾಯಂ ಆಯಿತೇ ಎಂದು ಸತ್ತ ಹಾಸ್ಯನಟ ವಿಚಾರಿಸಿದ. ಓಣಿಯ ಹೆಂಗಸರಿಗೆಲ್ಲ ಕೇಳಿಸುತ್ತಿದ್ದೆ ಅಂತ ಅಂಬಮ್ಮ ಸಣ್ಣ ದನಿಯಲ್ಲಿ ಹೇಳಿದಳು. ಅದಕ್ಕೇ ಅವನು ಹಾಗೆ ಕಳಿಸುತ್ತಿದ್ದ. ಕೊನೆಯ ಎರಡು ವರ್ಷದ ಸಂದೇಶಗಳಲ್ಲಿ ದನಿ ಅಂತ ಅನ್ನಿಸಿಕೊಳ್ಳುವುದೇ ಇರಲಿಲ್ಲ, ಬರೀ ಗಾಳಿ.

ಅಂಬಮ್ಮ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡು, ತಮ್ಮ ಏನನ್ನುತ್ತಾನೆ, ಹೆದರಿದ್ದಾನೆಯೇ ಎಂದು ಕೇಳಿದಳು. ಶೈಲಶ್ರೀ ನಿನ್ನೆ ರಾತ್ರಿ ಅವನು ಪಿಸುಗುಟ್ಟಿದ್ದನ್ನು ಹೇಳಿದಳು. “‘ಅಕ್ಕಗ ಹೇಳಬ್ಯಾಡ, ಆಕಿ ಬಿಪಿ ಏರಿಸ್ಕೋತಾಳ’ ಅಂದ್ರು ಅತ್ತಿಗಿ.”

ಅಂಬಮ್ಮ ತಟಕ್ಕನೆ ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಯವ್ವಾ, ಅಂವನೇ ಬಂದು ಮಾತಾಡಿದ್ಹಂಗ ಆತಲ್ಲ,” ಅಂದಳು.

ಆ ಮಾತು ಶೈಲಶ್ರೀಯ ತಲೆಗೆ ಹೋಗಲಿಲ್ಲ. ಅವಳ ಮನಸ್ಸು ಆಗಲೇ ದೇವದುರ್ಗಕ್ಕೆ ಓಡಿತ್ತು. ಇನ್ನುಳಿದಿದ್ದು ಅದೊಂದೇ.

ದೇವದುರ್ಗ ಅವಳ ತವರು, ಮದುವೆಯಾದದ್ದು ಅಲ್ಲೇ. ನಮ್ಮ ಕಡೆ ಮದುಮಕ್ಕಳು ಒಬ್ಬರ ಹೆಸರನ್ನು ಇನ್ನೊಬ್ಬರು ಒಡಪಿನೊಳಗೆ, ಪ್ರಾಸದ ಪುಟ್ಟ ಪದ್ಯದೊಳಗೆ, ಕೂಡಿಸಿ ಹೇಳದಿದ್ದರೆ ಹೆಂಗಸರು ಹೊಸ್ತಿಲು ದಾಟಲು ಬಿಡುವುದಿಲ್ಲ. ಶೈಲಶ್ರೀ ಹೇಳಿದ ಒಡಪು ಅವಳಿಗೇ ಮರೆತಿತ್ತು, ನಾಚಿಕೆಯಲ್ಲಿ ಹೇಗೋ ಒದರಿ ಮುಗಿಸಿದ್ದಳು. ಅವನು ಹೇಳಿದ್ದು ಮಾತ್ರ ಅಕ್ಷರ ತಪ್ಪದೆ ನೆನಪಿತ್ತು. ಹೇಗೆ ಹೇಳಿದ ಎಂಬುದೂ ನೆನಪಿತ್ತು. ಮೂಗಿನಿಂದ ಶುರು ಮಾಡಿ, ಹೆಸರು ಬಂದಲ್ಲಿ ಒಂಚೂರು ತಡೆದು, ಕೊನೆಯನ್ನು ನುಂಗಿದ್ದ. ಅತ್ತೆ ಮಾವ ಏನಾದರೂ ಅಂದಾಗ, ಮಗು ನಿಲ್ಲಲಿಲ್ಲವೆಂದು ಊರು ಆಡಿಕೊಂಡಾಗ, ಅವಳು ಆ ಒಡಪನ್ನು ಮನಸ್ಸಿನಲ್ಲೇ ಕೇಳಿಸಿಕೊಂಡು ಸುಧಾರಿಸಿಕೊಂಡಿದ್ದುಂಟು. ಜಗತ್ತಿನಲ್ಲಿ ಎಲ್ಲಾದರೂ ಅವನ ದನಿ ಇದ್ದರೆ ಆ ಮದುವೆಯ ಕ್ಯಾಸೆಟ್ಟಿನಲ್ಲಿ ಇರಬೇಕು.

ಸಿರವಾರದ ಮೇಲೆ ಹಾಯ್ದು ದೇವದುರ್ಗ ಮುಟ್ಟಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಮದುವೆಯ ವಿಡಿಯೊ ತೆಗೆದ ಗಡಿಗೆಪ್ಪ ಇನ್ನೂ ಸ್ಟುಡಿಯೊ ಇಟ್ಟುಕೊಂಡಿದ್ದ. ಹಳೆಯ ಕ್ಯಾಸೆಟ್ಟುಗಳಿಗೆಲ್ಲ ಬೂಸಲು ಹತ್ತುವ ಮುಂಚೆ ಹಾರ್ಡ್ ಡಿಸ್ಕಿಗೆ ಇಳಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದ. ಕುರ್ಚಿ ಎಳೆದು ಅವಳನ್ನು ಕೂರಿಸಿದ. ಮದುವೆ ಸಿಕ್ಕಿತು. ಅಕ್ಷತೆ ಮುಗಿಯಿತು, ಊಟದ ಪಂಕ್ತಿ ಮುಗಿಯಿತು, ಹೊಸ್ತಿಲು ಬಂತು. ತೆಳ್ಳಗಿನ ಶಂಭು, ಅವನ ಪಕ್ಕದಲ್ಲಿ ಬಾಸಿಂಗ ಜಾರಿದ ಅವಳು. ಶೈಲಶ್ರೀ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

ಹೆಂಗಸರು ಒಡಪು ಒಡಪು ಎಂದು ಕೂಗಿದರು. ಶಂಭು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಯಾರೋ, ಹೀರೋನ ದನಿಯಲ್ಲಿ ಹೇಳಬೇಕು ಅಂತ ಒದರಿದರು. ಎಲ್ಲರೂ ಹೋ ಅಂದರು. ಶಂಭು ಅಂಗಿಯ ಕಾಲರ್ ಎತ್ತಿದ.

ಹಟ್ಟ್ಯಾಗ ಚಿನ್ನ ಅದ, ಹೊಳ್ಯಾಗ ನೀರ ಅದ, ಶೈಲಶ್ರೀ ಬಂದ ಮ್ಯಾಲ ನನ್ನ ಮನ್ಯಾಗ ಎಲ್ಲಾ ಅದ. ಚಿನ್ನದ ಗಣಿಯ ಹಟ್ಟಿಯಿಂದ ಹಿಡಿದು ಮಾತೆಲ್ಲ ಅವೇ. ಒಂದು ಅಕ್ಷರ ಹೆಚ್ಚು ಕಡಿಮೆ ಇರಲಿಲ್ಲ. ದನಿ ಮಾತ್ರ ಕಪ್ಪು ಕನ್ನಡಕದ ನಾಯಕನದು. ಜನ ಬೆರಳೆತ್ತಿದರು, ಶಂಭು ಇನ್ನೊಮ್ಮೆ ಹೇಳಿದ, ಅದೂ ನಾಯಕನ ದನಿಯಲ್ಲೇ. ಪರದೆಯ ಮೇಲಿದ್ದ ಮದುಮಗಳು ತಲೆ ತಗ್ಗಿಸಿ ನಗುತ್ತಿದ್ದಳು.

ಶೈಲಶ್ರೀ ಮತ್ತೊಮ್ಮೆ ಹಾಕಿಸಿದಳು. ಮಗದೊಮ್ಮೆ ಹಾಕಿಸಿದಳು. ಗಡಿಗೆಪ್ಪ ಏನೋ ತಪ್ಪಾಗಿದೆ ಎಂದು ತಿಳಿದು, “ಸೌಂಡ್ ಬರೋಬರಿ ಅದಲ್ಲ ತಂಗಿ?” ಎಂದು ಕೇಳಿದ. ಬರೋಬರಿ ಇತ್ತು. ತಪ್ಪು ಆಗಿದ್ದು ಅವಳ ನೆನಪಿನಲ್ಲಿ. ಇಷ್ಟು ವರ್ಷ ಅವಳು ಕೇಳಿಸಿಕೊಂಡಿದ್ದ ಒಡಪನ್ನು ಶಂಭು ಹೇಳಿಯೇ ಇರಲಿಲ್ಲ. ತನಗೆ ಬೇಕಾದ ದನಿಯನ್ನು ಅವಳ ಮನಸ್ಸೇ ತಂದು ಅದಕ್ಕೆ ಕೂಡಿಸಿತ್ತು. ಅವಳಿಗೆ ಎದೆ ಬಿರಿಯುವಷ್ಟು ದುಃಖವಾಯಿತು. ಪರರ ಸ್ಟುಡಿಯೊ ಎಂಬುದನ್ನೂ ಮರೆತು ಅತ್ತಳು. ಗಡಿಗೆಪ್ಪ ಹೋಗಿ ಸೋಡಾ ತಂದುಕೊಟ್ಟ.

ಭಾನುವಾರ ಸಂಜೆ ಮೂವರೂ ರಾಯಚೂರಿನ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಪೀರಾ ಸಾಬನ ಅಂಗಡಿಯ ಮಹಡಿಯಲ್ಲಿ ಕೂತರು. ಮರುದಿನ ಬೆಳಿಗ್ಗೆ ಆಪರೇಷನ್. ಹಳೆಯದು ಸಿಗದಿದ್ದರೆ ಇದ್ದದ್ದರಲ್ಲೇ ನೋಡೋಣ, ಎಷ್ಟು ಬರುತ್ತದೋ ಅಷ್ಟು ಮಾತಾಡು ಶಂಭಣ್ಣ ಎಂದು ಪೀರಾ ಸಾಬ್ ಮೈಕು ಇಟ್ಟ. ಕೆಂಪು ದೀಪ ಹತ್ತಿತು. ಶಂಭು ಮೈಕನ್ನು ನೋಡಿದ. ಅವನ ಕೈ ತಾನಾಗಿ ಮೇಲೆ ಹೋಗಿ ಅಂಗಿಯ ಕಾಲರ್ ಎತ್ತಿತು. ಗದ್ದ ಮುಂದೆ ಬಂತು. ಹರಿದ ಗಂಟಲಿನಿಂದ ನಾಯಕನಟನನ್ನು ಎಳೆದು ತರಲು ಹೋಗಿ, ಕೆಮ್ಮು ಒತ್ತಿ ಬಂದು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು.

ಶೈಲಶ್ರೀಗೆ ತಡೆಯಲಾಗಲಿಲ್ಲ.

“ಸಾಯೋ ಹೊತ್ತಿನ್ಯಾಗರ ನೀವು ನೀವಾಗಿ ಮಾತಾಡ್ರಿ,” ಅಂದಳು. “ಮದಿವ್ಯಾಗ ನನ್ನ ಹೆಸರ ಹೇಳಿದ್ದೂ ಆ ಹೀರೋನ ದನಿಯಾಗ. ನಾ ನೋಡಿ ಬಂದೀನಿ. ನಾ ಯಾರ ಕೂಡ ಬಾಳೇವು ಮಾಡೀನಿ ಹೇಳ್ರಿ?”

ಪೀರಾ ಸಾಬ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಶಂಭು ಕಾಲರನ್ನು ಮಡಿಸಿ, ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು, ಪಿಸುಗುಟ್ಟಿದ.

“ನನ್ನ ದನಿ ಚಂದ ಇದ್ದಿಲ್ಲ ಶೈಲಾ. ನಿನಗರ ಚಂದಂದು ಕೇಳಸ್ಬೇಕಂತಿದ್ದೆ.”

ಅಷ್ಟೇ ಬಂದದ್ದು. ಆಮೇಲೆ ಗಾಳಿ, ಬರೀ ಗಾಳಿ. ಪೀರಾ ಸಾಬ್ ಆ ಚೂರನ್ನೇ ಲ್ಯಾಪ್‌ಟಾಪಿಗೆ ಕೊಟ್ಟು ತಿರುಗಿಸಿ ಮುರುಗಿಸಿ ನೋಡಿದ. ಅದು ಒಮ್ಮೆ ಪಂಕ್ಚರಾದ ಟ್ಯೂಬಿನಂತೆ ಬುಸುಗುಟ್ಟಿತು, ಒಮ್ಮೆ ಎಲ್ಲಿಯದೋ ಪರದೇಶಿ ಗಂಡಸಿನ ದನಿ ತಂದಿತು. ಪೀರಾ ಸಾಬ್ ಲ್ಯಾಪ್‌ಟಾಪು ಮುಚ್ಚಿ ಕೈ ಮುಗಿದ.

ಆಪರೇಷನ್ ಆಯಿತು. ಜೀವ ಉಳಿಯಿತು. ಕುತ್ತಿಗೆಯಲ್ಲಿ ತೂತು, ಮೂಗಿನಲ್ಲಿ ನಳಿಗೆ, ಕೈಗೆ ಸಲಾಯಿನ್. ಜನರಲ್ ವಾರ್ಡಿಗೆ ಬಂದ ದಿನ ಪೀರಾ ಸಾಬ್ ಒಂದು ಮೊಬೈಲು ತಂದು ಶಂಭುನ ಕೈಗಿಟ್ಟ. ಬರೆದದ್ದನ್ನು ಅದು ಮಾತಾಡುತ್ತದೆ, ಸದ್ಯಕ್ಕೆ ಹೀರೋನ ದನಿ ಹಾಕಿದ್ದೇನೆ, ಅದೇ ಚೆನ್ನಾಗಿ ಕೂತಿದೆ ಅಂದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಶಂಭು ಒಂದೊಂದೇ ಅಕ್ಷರ ಒತ್ತಿದ. ಫ್ಯಾನ್ ಜೋರಾಗಿ ಹಾಕಿರಿ ಎಂದು ಕಪ್ಪು ಕನ್ನಡಕದ ನಾಯಕ ವಾರ್ಡು ನಡುಗುವಂತೆ ಗುಡುಗಿದ.

ನರ್ಸ್ ಮಲ್ಲೇಶ್ವರಿ ಇಂಜೆಕ್ಷನ್ನು ಬಿಟ್ಟು ಓಡಿಬಂದಳು. ಪಕ್ಕದ ಮಂಚದವರು, ಅವರನ್ನು ನೋಡಲು ಬಂದವರು, ಎಲ್ಲ ನೆರೆದರು. ಯಾರೋ ನಗುತ್ತ ಬೆರಳೆತ್ತಿ ಒನ್ಸ್ ಮೋರ್ ಅಂದರು. ಶಂಭುನ ಕಣ್ಣು ಒಂದು ಗಳಿಗೆ ಹಳೆಯ ಹಾಗೆ ಬೆಳಗಿದವು. ಮತ್ತೆ ಒತ್ತಿದ. ಮತ್ತೆ ನಕ್ಕರು. ಶೈಲಶ್ರೀ ಗೋಡೆಯ ಕಡೆ ಮುಖ ಮಾಡಿ ಹಾಲಿನ ಡಬ್ಬಿ ತೊಳೆಯುವವಳಂತೆ ನಿಂತಿದ್ದಳು. ಈ ಜನರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇನ್ನು ಮುಂದೆ ತನ್ನ ಮನೆಯಲ್ಲಿ, ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ ಈ ನಾಯಕನೇ ಮಾತಾಡುತ್ತಾನೆ ಎಂದು ನೆನೆದು ಅವಳ ಜೀವ ಬಾಯಿಗೆ ಬಂದಿತ್ತು.

ಜನ ಚದುರಿದರು. ಶಂಭು ಇನ್ನೇನೋ ಬರೆದು ಒತ್ತಿದ. ಬೆನ್ನ ಹಿಂದಿನಿಂದ ಆ ಗಂಟೆಯಂಥ ದನಿ, “ಶೈಲಾ” ಎಂದು ಕರೆಯಿತು. ಹೆಸರಿಗೆ ಮುಂಚೆ ತಡೆಯಲಿಲ್ಲ, ಏನಿಲ್ಲ.

ಅವಳು ತಿರುಗಿ ಬಂದು ಮೊಬೈಲು ಕಿತ್ತು ದಿಂಬಿನ ಕೆಳಗೆ ತುರುಕಿದಳು.

“ಇಂವಾ ನನ್ನ ಕರಿಯೋದು ಬ್ಯಾಡ್ರಿ. ಇಂವಾ ನನಗ ಯಾರೂ ಅಲ್ಲ.”

ಶಂಭುನ ಮುಖ ಕಿವುಚಿಕೊಂಡಿತು. ಎದೆ ಎದ್ದು ಬಿದ್ದಿತು. ಕಣ್ಣೀರು ಎರಡೂ ಕಿವಿಗೆ ಇಳಿಯಿತು. ಸದ್ದೇ ಇರಲಿಲ್ಲ. ಅಳುವುದಕ್ಕೂ ದನಿ ಬೇಕೆಂದು ಶೈಲಶ್ರೀಗೆ ಅವತ್ತು ಗೊತ್ತಾಯಿತು. ಇಂಥ ಅಳುವನ್ನು ನೋಡಿಕೊಂಡು ಹೇಗೆ ಇರುವುದು? ಅವಳು ಮಂಚದ ಅಂಚಿಗೆ ಕೂತಳು. ಅಂಬಮ್ಮ ತಟಕ್ಕನೆ ಬಾಗಿಲ ಕಡೆ ನೋಡಿದ್ದು ಯಾಕೋ ಆಗ ನೆನಪಾಯಿತು.

ಅವನ ಕಿವಿಯ ಹತ್ತಿರ ಬಾಯಿ ತಂದಳು. ಮೊದಲು ನಾಚಿಕೆಯಾಯಿತು. ಆಮೇಲೆ ದನಿಯನ್ನು ಕೆಳಗಿಳಿಸಿ, ಸ್ವಲ್ಪ ಮೂಗಿನಿಂದ ಬಿಟ್ಟು, ಅವನು ಹೇಳದೆ ಹೋದದ್ದನ್ನು ಅವನ ಹಾಗೆ ಹೇಳಿದಳು.

“ಹಟ್ಟ್ಯಾಗ ಚಿನ್ನ ಅದ, ಹೊಳ್ಯಾಗ ನೀರ ಅದ.”

ಹೆಸರು ಬಂತು. ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟು ಹೊತ್ತು ತಡೆದಳು.

“ಶೈಲಶ್ರೀ ಬಂದ ಮ್ಯಾಲ ನನ್ನ ಮನ್ಯಾಗ ಎಲ್ಲಾ ಅದ.” ಕೊನೆಯನ್ನು ನುಂಗಿದಳು.

ಶಂಭು ಕಣ್ಣು ತೆರೆದ. ತನ್ನ ದನಿಯನ್ನು ಯಾರಾದರೂ ಮಾಡಿ ತೋರಿಸಿದ್ದನ್ನು ಅವನು ಈ ಜನ್ಮದಲ್ಲಿ ಕೇಳಿರಲಿಲ್ಲ. ಪೆಂಡಾಲಿನ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವರು ನೋಡುವ ಹಾಗೆ ಅವಳನ್ನೇ ನೋಡಿದ. ಆಮೇಲೆ ಸಲಾಯಿನ್ ಸೂಜಿ ಚುಚ್ಚಿದ ಕೈಯನ್ನು ಚಾದರದೊಳಗಿನಿಂದ ಮೆಲ್ಲಗೆ ಹೊರಗೆ ತೆಗೆದು ಒಂದು ಬೆರಳು ಎತ್ತಿದ.

ಶೈಲಶ್ರೀ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು.